ದಿಂಬಂ ಘಾಟಿ ಮತ್ತು ದಕ್ಷತೆಯ ಗೆರೆ: ಕಂಪನದ ಅಳತೆಯ ಚರಿತ್ರೆಯಿಂದ ಒಂದು ಪುಟ

ಹಾಸನೂರಿನ ಮನೆಯಿಂದಲೇ ಮಾತಾಡ್ತಿದ್ದೇನೆ. ನಡುವೆ ಲಾರಿ ಸದ್ದು ಬಂದರೆ ಅದೂ ಇವತ್ತಿನ ವಿಷಯವೇ ಅಂದುಕೊಳ್ಳಿ. ಇಲ್ಲಿಂದ ಬಣ್ಣಾರಿಗೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು ದಾಟಬೇಕು. ನಮ್ಮ ಚಿಕ್ಕಪ್ಪ ತಾಳವಾಡಿಯ ಕೋಸು, ಆಲೂಗಡ್ಡೆ ತುಂಬಿಕೊಂಡು ಈ ದಾರಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ಸೊಂಟ ಹಿಡಿದಿದೆ ಅಂತ ರಜೆ ಕೇಳಿದರೆ ಯಜಮಾನರು, "ನೆನ್ನೆ ಚೆನ್ನಾಗೇ ಓಡಿಸಿದ್ಯಲ್ಲ" ಅಂದರಂತೆ.

ಒರಟು ಮಾತು, ನಿಜ. ಆದರೆ ಇದೇ ತರ್ಕ ಒಂದು ಕಾಲಕ್ಕೆ ಅಂತರರಾಷ್ಟ್ರೀಯ ಮಾನದಂಡದೊಳಗೂ ಇತ್ತು. 1974ರ ಐಎಸ್‌ಒ 2631 ಇಡೀ ಮೈಗೆ ತಗಲುವ ಕಂಪನಕ್ಕೆ ಮೂರು ಗೆರೆ ಎಳೆಯಿತು: ಹಿತ ಕೆಡುವುದಕ್ಕೊಂದು, ದಣಿದು ಕೆಲಸದ ದಕ್ಷತೆ ಇಳಿಯುವುದಕ್ಕೊಂದು, ಆರೋಗ್ಯದ ಮಿತಿಗೊಂದು. ಇವುಗಳಲ್ಲಿ ದಕ್ಷತೆಯ ಗೆರೆಯೇ ಮೂಲ. ಅದರ ಎರಡರಷ್ಟು ಆರೋಗ್ಯದ ಮಿತಿ, ಅದನ್ನು 3.15ರಿಂದ ಭಾಗಿಸಿದರೆ ಹಿತದ ಗೆರೆ. ಕೂತವರ ಮೈ ಹೆಚ್ಚು ಅದುರುವುದು ಮೇಲೆ-ಕೆಳಗಿನ ಕಂಪನ ಸೆಕೆಂಡಿಗೆ 4ರಿಂದ 8 ಸಲ ಇದ್ದಾಗ. ಅಲ್ಲಿ ಒಂದು ನಿಮಿಷಕ್ಕೆ 2.8 ಮೀ/ಸೆ² ಇದ್ದ ದಕ್ಷತೆಯ ಗೆರೆ 8 ಗಂಟೆಗೆ 0.315ಕ್ಕೆ ಇಳಿಯುತ್ತದೆ. ಮೂರು ಗೆರೆಗಳೂ ಹೊತ್ತಿನ ಜೊತೆ ಒಂದೇ ಲೆಕ್ಕದಲ್ಲಿ ಇಳಿಯುತ್ತವೆ ಅನ್ನೋದು ಊಹೆ.

ಇದರ ಅರ್ಥ ನೋಡಿ. ಕೆಲಸ ಮೊದಲು ಕೆಡಬೇಕು, ಮೈ ಆಮೇಲೆ. ಚೆನ್ನಾಗಿ ಓಡಿಸ್ತಿದ್ದಾನೆ ಅಂದರೆ ಸೊಂಟವೂ ನೆಟ್ಟಗಿದೆ ಅಂತಾಯಿತಲ್ಲ!

1997ರ ಪರಿಷ್ಕರಣೆ ಈ ಊಹೆಯನ್ನು ಕೈಬಿಟ್ಟಿತು. ಆರೋಗ್ಯ, ದಕ್ಷತೆ, ಹಿತ ಮೂರೂ ಕಾಲಕ್ಕೆ ಒಂದೇ ಥರ ಬಾಗುತ್ತವೆ ಅನ್ನುವುದಕ್ಕೆ ಪ್ರಯೋಗಾಲಯದ ಫಲಿತಾಂಶಗಳ ಬೆಂಬಲ ಇಲ್ಲ ಅಂತ ಮುನ್ನುಡಿಯಲ್ಲೇ ಒಪ್ಪಿಕೊಂಡಿತು. ಲಾರಿಯಲ್ಲಿ ಕೂತು ನೋಡಿದವರಿಗೆ ಇದೇನೂ ಆಶ್ಚರ್ಯವಲ್ಲ. ಕಂಪನ ಕಣ್ಣನ್ನು ಅಲುಗಿಸಿ ಕನ್ನಡಿಯ ಚಿತ್ರ ಮಸುಕು ಮಾಡುವುದು, ಸ್ಟೀರಿಂಗ್ ಹಿಡಿದ ಕೈಯನ್ನು ಅದುರಿಸುವುದು ಶುರುವಿನಲ್ಲೇ. ಪಳಗಿದ ಚಾಲಕರು ವೇಗ ತಗ್ಗಿಸಿ, ಹಿಡಿತ ಬಿಗಿ ಮಾಡಿ ಅದನ್ನು ಸರಿದೂಗಿಸಿಕೊಳ್ಳುತ್ತಾರೆ. ಸೊಂಟದ ಲೆಕ್ಕ ವರ್ಷಗಳದ್ದು. ಅಲ್ಲಿ ಸರಿದೂಗಿಸುವ ಜಾಣ್ಮೆ ನಡೆಯೋದಿಲ್ಲ.

ಯುರೋಪಿನ 2002ರ ನಿರ್ದೇಶನ 8 ಗಂಟೆಗೆ 0.5ರಲ್ಲಿ ಕ್ರಮ ಕೈಗೊಳ್ಳಿ, 1.15 ದಾಟಬೇಡಿ ಅನ್ನುತ್ತದೆ. ಚಿಕ್ಕಪ್ಪನ ಸೀಟನ್ನು ಯಾರೂ ಅಳೆಯಲಿಲ್ಲ. ಈಗ ಅವರಿಗೆ ನೆಲದ ಮೇಲೆ ಕೂತು ಉಣ್ಣಲು ಆಗೋದಿಲ್ಲ. ಲಾರಿ ಕೊಟ್ಟರೆ ಮಾತ್ರ ಇವತ್ತೂ ಇಪ್ಪತ್ತೇಳೂ ತಿರುವನ್ನು ರಿವರ್ಸ್ ಹಾಕದೆ ಇಳಿಸಿಬಿಡುತ್ತಾರೆ.