ಊದೋರ ಮೈಗೆ ಒಪ್ಪೋ ವಾದ್ಯ

ನಮ್ಮ ಕಡೆ ಈಗ ಮದುವೆ ಅಂದ್ರೆ ಸ್ಯಾಕ್ಸೋಫೋನ್ ಇರ್ಲೇಬೇಕು ಅನ್ನೋ ಹಾಗಾಗಿದೆ. ಮೂಡಿಗೆರೆ ಛತ್ರಕ್ಕೆ ಹೋಗಿ, ಬಣಕಲ್ಲಿಗೆ ಹೋಗಿ, ಕಳಸಕ್ಕೆ ಹೋಗಿ, ಬಾಗಿಲಲ್ಲಿ ಪನ್ನೀರು ಹಾಕಿಸ್ಕೊಳ್ಳೋ ಹೊತ್ತಿಗೇ ಆ ಹಿತ್ತಾಳೆ ವಾದ್ಯದ ಧ್ವನಿ ಕಿವಿಗೆ ಬೀಳತ್ತೆ. ವಾಲಗದವರು ಎಷ್ಟೋ ಸಲ ಚಾರ್ಮಾಡಿ ಘಾಟಿ ಹತ್ತಿ ಬಂದಿರ್ತಾರೆ. ನನ್ನ ಮದುವೇಲಿ ನಾಗಸ್ವರ, ಡೋಲು, ಶ್ರುತಿ ಪೆಟ್ಟಿಗೆ, ಅಷ್ಟೇ ಇದ್ದಿದ್ದು. ಈ ಬದಲಾವಣೆ ಛತ್ರದವರು ತಂದ ಫ್ಯಾಷನ್ನು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಹಾಗಲ್ಲ ಮಾರಾಯ್ತಿ. ಘಾಟಿ ಕೆಳಗಿನ ಒಬ್ಬ ಹುಡುಗ ತನ್ನ ಕಿವಿಗೆ ಯಾವ ಧ್ವನಿ ಬೇಕು ಅಂತ ಆರಿಸ್ಕೊಂಡಿದ್ದರಿಂದ ಇದೆಲ್ಲ ಶುರುವಾಗಿದ್ದು.

ಅವರೇ ಕದ್ರಿ ಗೋಪಾಲನಾಥ್. 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾಗಸ್ವರದವರು, ಹಾಗಾಗಿ ಮಗನ ಕೈಗೂ ಮೊದಲು ಬಂದಿದ್ದು ನಾಗಸ್ವರವೇ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ್ದೇ ಕೇಳಿದ್ದು, ಮನಸ್ಸು ಆ ಕಡೆ ಹೋಯ್ತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಹತ್ತಿರ ಪಾಠ ಆಯ್ತು. ವಾದ್ಯ ಪೂರ್ತಿ ಕೈವಶ ಆಗೋಕೆ ಸುಮಾರು 20 ವರ್ಷ ಹಿಡೀತಂತೆ. ನಾವು ಒಂದು ಹೊಸ ಮಿಕ್ಸಿಗೆ ಹೊಂದ್ಕೊಳ್ಳೋಕೇ ತಿಂಗಳು ತಗೋತೀವಿ, ಅದು ಬೇರೆ ಮಾತು.

ಆ ಅರಮನೆ ಬ್ಯಾಂಡಿನ ಕಥೆ ಸ್ವಲ್ಪ ಹೇಳ್ಬೇಕು. ಮೈಸೂರಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಅಂತ ಎರಡಿತ್ತು. ಇಂಗ್ಲಿಷ್ ಬ್ಯಾಂಡಿಗೆ ಆಟೋ ಶ್ಮಿಟ್ ಅನ್ನೋ ಜರ್ಮನಿಯವರು ಮುಖ್ಯಸ್ಥರಾಗಿದ್ರು. ಇವತ್ತು ದಸರಾದಲ್ಲಿ ನಾವು ಕೇಳೋ ಪೊಲೀಸ್ ಬ್ಯಾಂಡಿನ ಮೂಲ ಅದೇ. ಇಂಥ ಬ್ಯಾಂಡಿನ ಊದೋ ವಾದ್ಯಗಳನ್ನ ನೋಡಿದ್ರೆ ಒಂದೇ ಮನೆಯ ಅಣ್ಣತಮ್ಮಂದಿರು ಸಾಲಾಗಿ ನಿಂತ ಹಾಗಿರತ್ತೆ, ಸಣ್ಣದರಿಂದ ದೊಡ್ಡದಕ್ಕೆ. ಎಲ್ಲಕ್ಕಿಂತ ದೊಡ್ಡದು ಟ್ಯೂಬಾ. 1835ರಲ್ಲಿ ಬರ್ಲಿನ್ನಿನಲ್ಲಿ ಪೇಟೆಂಟ್ ಆದ ವಾದ್ಯ ಅದು, ಕೂತ್ಕೊಂಡು ತೊಡೆ ಮೇಲಿಟ್ಟು ಊದೋದು. ಅದನ್ನ ಹೊತ್ತು ನಡೆಯೋದು ಕಷ್ಟ ಅಂತ ಆಮೇಲೆ ಮೈಗೆ ಸುತ್ತಿಕೊಳ್ಳೋ ಹಾಗೆ ಬಗ್ಗಿಸಿದ್ರು, ಅದಕ್ಕೆ ಸೂಸಾಫೋನ್ ಅಂತ ಹೆಸರು. ಮೆರವಣಿಗೆ ಬ್ಯಾಂಡ್ ಸೆಟ್ಟಲ್ಲಿ ಒಬ್ಬರ ತಲೆ ಮೇಲೆ ದೊಡ್ಡ ಬಾಯಿ ಎದ್ದು ಕಾಣತ್ತಲ್ಲ, ಅದೇ. ಕಾಫಿ ಹಣ್ಣು ಕೀಳೋರು ಚೀಲ ಕೈಯಲ್ಲಿ ಹಿಡಿಯದೆ ಸೊಂಟಕ್ಕೆ ಕಟ್ಕೊಳ್ಳೋ ಲೆಕ್ಕವೇ ಇದೂ. ಸ್ಯಾಕ್ಸೋಫೋನಿನದ್ದೂ ಹಾಗೇ ಒಂದು ಸಂಸಾರ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ತಗೊಂಡಾಗಲೇ ಚಿಕ್ಕದು ದೊಡ್ಡದು ಬೇರೆ ಬೇರೆ ಅಳತೆಯಲ್ಲಿ ಮಾಡಿದ್ದ. ಈಗ ಹೆಚ್ಚು ಕಾಣೋದು ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್. ಮೈಯೆಲ್ಲ ಹಿತ್ತಾಳೆ ಆದ್ರೂ ಬಾಯಿಗೆ ಇಡೋ ಜಾಗದಲ್ಲಿ ಬೆತ್ತದಂಥ ಹುಲ್ಲಿನ ತೆಳು ಸೀಳು ಇರತ್ತೆ, ನಾದ ಹುಟ್ಟೋದು ಅದರಿಂದ.

ಹಾಗಂತ ನಾಗಸ್ವರದವರಿಗೆ ಈ ಅಳತೆ ವಿಚಾರ ಗೊತ್ತಿರಲಿಲ್ಲ ಅಂದ್ಕೋಬೇಡಿ. ಅದರಲ್ಲೂ ತಿಮಿರಿ, ಬಾರಿ ಅಂತ ಎರಡಿದೆ. ತಿಮಿರಿ ಗಿಡ್ಡ, ಶ್ರುತಿ ಮೇಲೆ. ಬಾರಿ ಉದ್ದ, ಶ್ರುತಿ ಕೆಳಗೆ. ತಮಿಳುನಾಡಿನ ಟಿ.ಎನ್. ರಾಜರತ್ನಂ ಪಿಳ್ಳೆಯವರಿಗೆ ತಿಮಿರಿಯ ಚೂಪು ಧ್ವನಿ ಸಾಕಾಗ್ಲಿಲ್ಲ. ನರಸಿಂಗಂಪೇಟೆಯ ಆಚಾರಿಗಳ ಕೈಲಿ ಉದ್ದದ್ದು ಮಾಡಿಸಿ, ಬಾರಿ ನಾಗಸ್ವರವನ್ನ ಕಚೇರಿಗೆ ತಂದ್ರು. ವಾದ್ಯ ಉದ್ದ ಆದಷ್ಟೂ ತೂತುಗಳು ದೂರ ಹೋಗ್ತವೆ, ಬೆರಳು ಚಾಚ್ಬೇಕು. ಬೇಕಾದ ಧ್ವನಿಗೆ ಮೈ ಅಷ್ಟು ಬೆಲೆ ಕೊಡ್ಬೇಕು.

ಗೋಪಾಲನಾಥರ ಕಷ್ಟವೇ ಬೇರೆ. ನಾಗಸ್ವರದಲ್ಲಿ ಬೆರಳು ನೇರ ತೂತಿನ ಮೇಲಿರತ್ತೆ, ಅರ್ಧ ಮುಚ್ಚಿ, ಉಸಿರು ಬಿಗಿ ಮಾಡಿ ಸಡಿಲ ಮಾಡಿ ಗಮಕ ತೆಗೀಬಹುದು. ಸ್ಯಾಕ್ಸೋಫೋನಲ್ಲಿ ಬೆರಳಿಗೂ ತೂತಿಗೂ ಮಧ್ಯ ಕೀಲಿ, ಮುಚ್ಚಳ. ಒತ್ತಿದ್ರೆ ಮುಚ್ಚತ್ತೆ, ಬಿಟ್ರೆ ತೆರೆಯತ್ತೆ. ಹಾಗಾದ್ರೆ ತೋಡಿಯಂಥ ರಾಗದಲ್ಲಿ ಸ್ವರ ಜಾರಿಸೋದು ಹ್ಯಾಗೆ? ಅವರು ತುಟಿ, ಉಸಿರು ಪಳಗಿಸಿದ್ದಲ್ಲದೆ ವಾದ್ಯವನ್ನೇ ಅಲ್ಲಲ್ಲಿ ತಮ್ಮ ಸಂಗೀತಕ್ಕೆ ಬೇಕಾದ ಹಾಗೆ ಬದಲಾಯಿಸ್ಕೊಂಡ್ರು. ನನಗೆ ದೊಡ್ಡದು ಅನ್ಸೋದು ಇದು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಕಚೇರಿ, ಅದೇ ವರ್ಷ 'ಡ್ಯುಯೆಟ್' ಸಿನಿಮಾ, 2004ರಲ್ಲಿ ಪದ್ಮಶ್ರೀ, ಎಲ್ಲ ಆಮೇಲಿನ ಮಾತು. 2019ರ ಅಕ್ಟೋಬರಿನಲ್ಲಿ ಹೋಗ್ಬಿಟ್ರು.

ಇಷ್ಟೆಲ್ಲ ನಾನು ಓದೋಕೆ ಹೋಗಿದ್ದು ನಮ್ಮ ಮೈದುನನ ಮಗಳಿಂದ. ಏಳನೇ ಕ್ಲಾಸು. ಸ್ಯಾಕ್ಸೋಫೋನ್ ಕಲೀತೀನಿ ಅಂತ ಕೂತ್ಳು. ಮನೇಲಿ ದೊಡ್ಡವರು 'ಹೆಣ್ಣು ಹುಡುಗಿ ಊದೋದಾ? ಕೆನ್ನೆ ಜೋತು ಬೀಳತ್ತೆ, ನಾಳೆ ಹೊಟ್ಟೆಗೆ ತೊಂದರೆ, ವೀಣೆ ಕಲೀಲಿ' ಅಂದ್ರು. ವೀಣೆ ಬಗ್ಗೆ ನನಗೆ ಏನೂ ಇಲ್ಲ. ಆದ್ರೆ ಹೆಣ್ಣು ಊದಬಾರ್ದು ಅನ್ನೋ ಮನೆಯಲ್ಲೇ ನಮ್ಮತ್ತೆ, ಅವರತ್ತೆ, ಹಸಿ ಸೌದೆ ಒಲೆ ಮುಂದೆ ಊದುಗೊಳವೆ ಹಿಡಿದು ಜೀವಮಾನ ಊದಿದ್ದಾರಲ್ಲ! ಅದಕ್ಕೆ ಯಾರೂ ಬೇಡ ಅನ್ಲಿಲ್ಲ. ಮದುರೈಯ ಪೊನ್ನುತಾಯಿ ಹೆಣ್ಣಾಗಿ ನಾಗಸ್ವರವನ್ನೇ ಊದಿ ಹೆಸರಾದವರು. ನಮ್ಮಲ್ಲೇ ಸುಬ್ಬಲಕ್ಷ್ಮಿ, ಲಾವಣ್ಯ ಅಂತ ಅಕ್ಕತಂಗಿಯರು ಸ್ಯಾಕ್ಸೋಫೋನ್ ಕಚೇರಿ ಮಾಡ್ತಾರೆ. ಇವರ ವಿಡಿಯೊ ತೋರಿಸಿದ ಮೇಲೆ ಮನೆ ಸ್ವಲ್ಪ ತಣ್ಣಗಾಯ್ತು.

ಊದುಗೊಳವೆಯಿಂದಲೇ ಇನ್ನೊಂದು ವಿಷಯ ತಿಳೀತು. ಸಣ್ಣ ಬಾಯಿನ ಕೊಳವೆ ಊದಿದ್ರೆ ಕೆನ್ನೆ, ಕುತ್ತಿಗೆ ಬಿಗಿಯತ್ತೆ, ಉಸಿರು ಮಾತ್ರ ಜಾಸ್ತಿ ಖರ್ಚಾಗಲ್ಲ. ಅಗಲ ಬಾಯಿಂದು ಊದಿದ್ರೆ ಬಿಗಿತ ಇಲ್ಲ, ಉಸಿರು ಬೇಗ ಖಾಲಿ. ನಾಗಸ್ವರ ಮೊದಲನೇ ಜಾತಿ, ಟ್ಯೂಬಾ ಎರಡನೇದು, ಸ್ಯಾಕ್ಸೋಫೋನ್ ನಡುವೆ ಎಲ್ಲೋ. ಹಾಗಾಗಿ ದೊಡ್ಡ ವಾದ್ಯಕ್ಕೆ ದಪ್ಪ ಗಂಡಸೇ ಆಗ್ಬೇಕು ಅಂತೇನಿಲ್ಲ. ಉಸಿರು ತುಂಬಿಸ್ಕೊಳ್ಳೋ ಅಭ್ಯಾಸ ಬೇಕು, ವಾದ್ಯ ಮೈಗೆ ಆತು ಕೂರ್ಬೇಕು.

ಪಾಠ ಹೇಳೋರು ಹುಡುಗಿಗೆ ಮೊದಲು ಊದಿಸ್ಲೇ ಇಲ್ಲ. ನಿಲ್ಲಿಸಿ ವಾದ್ಯ ನೇತುಹಾಕಿ ನೋಡಿದ್ರು. ಅವಳಿಗೆ ಇಷ್ಟ ಆಗಿದ್ದು ಟೆನರಿನ ದಪ್ಪ ಧ್ವನಿ. ಆದ್ರೆ ಮೂರು ಕಿಲೋಗಿಂತ ಮೇಲೆ ತೂಕ, ಬಲಗೈ ಕಿರುಬೆರಳು ಕೆಳಗಿನ ಕೀಲಿಗೆ ಮುಟ್ಟೋಕೆ ಮಣಿಕಟ್ಟು ತಿರುಚ್ತಿತ್ತು. ಆಲ್ಟೊ ಎರಡೂವರೆ ಕಿಲೋ ಹತ್ತಿರ, ಬೆರಳು ಸಲೀಸಾಗಿ ಕೂತವು. ಬಾಯಿ ವಾದ್ಯದ ಹತ್ತಿರ ಬಗ್ಗಬಾರ್ದು, ವಾದ್ಯವೇ ಬಾಯಿ ಹತ್ತಿರ ಬರ್ಬೇಕು ಅಂತ ಪಟ್ಟಿ ಎಳೆದು ಸರಿ ಮಾಡಿದ್ರು. ಕುತ್ತಿಗೆ ಮೇಲೆ ಭಾರ ಬೀಳದ ಹಾಗೆ ಎರಡೂ ಹೆಗಲಿಗೆ ಬರೋ ಪಟ್ಟಿ ತಗೊಳ್ಳಿ ಅಂದ್ರು. ಕೈ ಬೆಳೆದ ಮೇಲೆ ಟೆನರ್ ನೋಡೋಣ ಅಂದಿದ್ದಾರೆ. ಅವಳಿಗಿನ್ನೂ ಅದರ ಮೇಲೇ ಕಣ್ಣು.

ಈ ಗೆಲುವಿನ ಇನ್ನೊಂದು ಮಗ್ಗುಲೂ ಇದೆ. ಸ್ಯಾಕ್ಸೋಫೋನ್ ಬಂದ ಮನೆಗಳಲ್ಲಿ ನಾಗಸ್ವರ ಗೋಡೆಗೆ ಹೋಯ್ತು. ಗಟ್ಟಿಮೇಳದ ಹೊತ್ತಿಗೆ ನಾಗಸ್ವರ ಎದೆ ನಡುಗಿಸ್ತಿದ್ದ ಹಾಗೆ ಇದು ನಡುಗಿಸಲ್ಲ, ನನ್ನ ಕಿವಿಗಂತೂ. ನಮ್ಮ ಮನೇಲಿ ಇನ್ನೊಂದು ಮದುವೆ ಆದ್ರೆ ಎರಡೂ ಕರೆಸಿ ಅಂತ ಹೇಳೋದೇ.

ಇನ್ನು ನಮ್ಮ ಮಳೆ. ಆಷಾಢದಲ್ಲಿ ಬಟ್ಟೆಗೇ ಬೂಸ್ಟು ಹಿಡಿಯೋ ಊರಲ್ಲಿ ಆ ಕೀಲಿಗಳ ಕೆಳಗಿನ ಚರ್ಮದ ಬಿಲ್ಲೆಗಳು ಉಳಿಯೋದು ಹ್ಯಾಗೆ? ಊದಿ ಆದ ಮೇಲೆ ಬಟ್ಟೆ ಎಳೆದು ಒಳಗಿನ ತೇವ ಒರೆಸ್ಬೇಕು, ಬಾಯಿಯ ಸೀಳು ಬಿಚ್ಚಿ ಬೇರೆ ಒಣಗಿಸ್ಬೇಕು. ಒಲೆ ಮೇಲಿನ ಅಟ್ಟ ಬೆಚ್ಚಗಿರತ್ತೆ ಅಂತ ಮೈದುನ ಅಲ್ಲಿಡೋಕೆ ಹೊರಟಿದ್ದ. ಮೆಣಸಿಗೆ ಸರಿ, ಇದಕ್ಕೆ ಬೇಡ ಅಂತ ನಾನೇ ಇಳಿಸಿ ನಡುಮನೆ ಬೀರುವಿನಲ್ಲಿ ಇಡಿಸಿದೆ.