ಸೊಲ್ಲಾಪುರದ ವಾಲಚಂದರು ಕಟ್ಟಿದ ಹಡಗು ಕಾರ್ಖಾನೆ

ಸಮುದ್ರವಿಲ್ಲದ ನಮ್ಮ ಸೊಲ್ಲಾಪುರಕ್ಕೂ ಭಾರತದ ಹಡಗು ನಿರ್ಮಾಣಕ್ಕೂ ನಿಕಟ ಸಂಬಂಧವಿದೆ. ವಿಶಾಖಪಟ್ಟಣದ ಹಡಗು ಕಾರ್ಖಾನೆಯ ಸ್ಥಾಪಕರಾದ ವಾಲಚಂದ ಹಿರಾಚಂದರು 1882ರ ನವೆಂಬರ್ 23ರಂದು ಇಲ್ಲಿಯ ಜೈನ ವ್ಯಾಪಾರಿ ಮನೆತನದಲ್ಲಿ ಜನಿಸಿದರು.

ಸಾಗರ ಸಾಗಣೆಯು ಬ್ರಿಟಿಷ್ ಕಂಪನಿಗಳ ಹಿಡಿತದಲ್ಲಿದ್ದ ಕಾಲದಲ್ಲಿ ಅವರು ಸಂಗಡಿಗರೊಡನೆ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಕಟ್ಟಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ 'ಲಾಯಲ್ಟಿ' ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವೇ ಇಂದು ರಾಷ್ಟ್ರೀಯ ಸಾಗರಯಾನ ದಿನ.

ಕೊಂಡ ಹಡಗುಗಳಿಂದ ಸ್ವಾವಲಂಬನೆ ಸಾಧ್ಯವಿರಲಿಲ್ಲ. 1941ರ ಜೂನ್ 21ರಂದು ಡಾ. ರಾಜೇಂದ್ರ ಪ್ರಸಾದರು ವಿಶಾಖಪಟ್ಟಣದ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಆ ನಗರದ ಮೇಲೆ ಜಪಾನೀ ವಿಮಾನಗಳು ಬಾಂಬ್ ಹಾಕಿದವು. ಆದರೂ ಕನಸು ಕೈಬಿಡಲಿಲ್ಲ: ಅಲ್ಲಿ ನಿರ್ಮಿತವಾದ 'ಜಲ ಉಷಾ' ಹಡಗನ್ನು 1948ರ ಮಾರ್ಚ್ 14ರಂದು ಪ್ರಧಾನಿ ನೆಹರೂ ನೀರಿಗಿಳಿಸಿದರು. 1952ರಲ್ಲಿ ಕೇಂದ್ರ ಸರಕಾರವು ಬಹುಪಾಲು ಒಡೆತನ ಪಡೆದು, ಅದು 'ಹಿಂದೂಸ್ಥಾನ್ ಶಿಪ್‌ಯಾರ್ಡ್' ಎನಿಸಿತು. ಮರುವರ್ಷ ವಾಲಚಂದರು ತೀರಿಕೊಂಡರು.

ಕನ್ನಡ ನಾಡಿಗೂ ಅವರ ಋಣವಿದೆ. 1940ರಲ್ಲಿ ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ.

ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಶಾಲೆಯ ಮಕ್ಕಳಿಗೂ ಈ ಚರಿತ್ರೆ ಸ್ವಂತದ್ದು. ಅದನ್ನು ಅವರು ತಾಯ್ನುಡಿಯಲ್ಲಿ ಓದದಿದ್ದರೆ, ಹುಟ್ಟಿದ ಊರಿನಲ್ಲೇ ಹೊರಗಿನವರಾದಾರು. ಬರುವ ಏಪ್ರಿಲ್ 5ರಂದು ಮನೆಮನೆಯಲ್ಲಿ ಈ ಕಥೆ ಹೇಳೋಣವೆಂದು ಪಾಲಕರಲ್ಲಿ ವಿನಂತಿಸುತ್ತೇವೆ.