ಬಣ್ಣ ಬದಲಿಸುವ ಹಾಳೆ

ಜಾದೂಗಾರನು ಇಸ್ಪೀಟು ಕಟ್ಟನ್ನು ಹೆಬ್ಬೆರಳಿನಿಂದ ಸರಸರನೆ ಸರಿಸಿ ತೋರಿಸುತ್ತಾನೆ. ಎಲೆಗಳೆಲ್ಲ ಬೇರೆ ಬೇರೆ. ಒಮ್ಮೆ ಊದಿ ಮತ್ತೆ ಸರಿಸಿದಾಗ ಎಲ್ಲವೂ ಆಟೀನ್ ರಾಣಿಯಾಗಿರುತ್ತವೆ. 1909ರಲ್ಲಿ ಅಮೆರಿಕದ ಬರ್ಲಿಂಗ್ ಹಲ್ ಪ್ರಚಾರಕ್ಕೆ ತಂದ ಈ ಕಟ್ಟಿಗೆ ‘ಸ್ವೆಂಗಾಲಿ’ ಎಂದು ಹೆಸರು. 1894ರ ‘ಟ್ರಿಲ್ಬಿ’ ಕಾದಂಬರಿಯ ವಶೀಕರಣಕಾರನಿಂದ ಬಂದದ್ದು. ಗುಟ್ಟು ಸರಳವಾದುದು. ಒಂದು ಬಿಟ್ಟು ಒಂದರಂತೆ ಜೋಡಿಸಿದ ರಾಣಿಯ ಎಲೆಗಳು ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡ. ಹೀಗಾಗಿ ಎಲೆಗಳು ಎರಡೆರಡಾಗಿ ಬೀಳುತ್ತವೆ. ಒಂದು ದಿಕ್ಕಿನಿಂದ ಸರಿಸಿದರೆ ಒಂದು ಗುಂಪು, ಇನ್ನೊಂದು ದಿಕ್ಕಿನಿಂದ ಸರಿಸಿದರೆ ಮತ್ತೊಂದು ಗುಂಪು ಕಣ್ಣಿಗೆ ಬೀಳುತ್ತದೆ.

ಈ ಆಟದ ಪೂರ್ವಜ ಇಸ್ಪೀಟಲ್ಲ, ಪುಸ್ತಕ. ಜಹಾಂಗೀರನ ಆತ್ಮಕಥೆಯೆಂದು ಡೇವಿಡ್ ಪ್ರೈಸ್ 1829ರಲ್ಲಿ ಇಂಗ್ಲಿಷಿಗೆ ತಂದ ಪಾಠದಲ್ಲಿ ಬಂಗಾಳದ ಇಂದ್ರಜಾಲಿಗರ ಪ್ರದರ್ಶನದ ದೀರ್ಘ ವರ್ಣನೆಯಿದೆ. ಅಚ್ಚ ಬಿಳಿ ಹಾಳೆಗಳ ಪುಸ್ತಕವೊಂದನ್ನು ಬಾದಶಹನ ಕೈಗಿತ್ತು ಪರೀಕ್ಷಿಸಲು ಹೇಳುತ್ತಾರೆ. ಮರಳಿ ಪಡೆದು ತೆರೆದಾಗ ಚಿನ್ನದ ಹನಿ ಚಿಮುಕಿಸಿದ ಕೆಂಪು ಪುಟ. ಮತ್ತೊಮ್ಮೆ ತೆರೆದಾಗ ನೀಲಿ. ತೆರೆದಷ್ಟು ಸಲವೂ ಬೇರೆ ಬಣ್ಣ. ‘ನೋಡಿ, ಇಸ್ಪೀಟು ಜಾದೂ ನಮ್ಮಿಂದಲೇ ಹೋದದ್ದು’ ಎಂದು ಹೆಮ್ಮೆಪಡಲು ಇಷ್ಟು ಸಾಕೆನಿಸಬಹುದು.

ಇತಿಹಾಸ ಆ ಹೆಮ್ಮೆಗೆ ಸುಲಭವಾಗಿ ಒಪ್ಪಿಗೆ ಕೊಡುವುದಿಲ್ಲ. ಪ್ರೈಸ್ ಬಳಸಿದ ಪಾಠವನ್ನು ವಿದ್ವಾಂಸರು ಅಧಿಕೃತವೆಂದು ಒಪ್ಪಿಲ್ಲ. ಅಲ್ಲದೆ ಜಹಾಂಗೀರನು ಪಟ್ಟವೇರಿದ್ದು 1605ರಲ್ಲಿ. ಇಟಲಿಯ ಕಾರ್ಡಾನೋ 1550ರಲ್ಲೇ ಇಂಥ ಪುಸ್ತಕವನ್ನು ಪ್ರಸ್ತಾಪಿಸಿದ್ದಾನೆ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಅದರ ತಂತ್ರವನ್ನು ಬಿಡಿಸಿ ಬರೆದ. ಮಾಟವೆಂಬ ಆರೋಪದ ಮೇಲೆ ಅಮಾಯಕರನ್ನು ಗಲ್ಲಿಗೇರಿಸುತ್ತಿದ್ದ ಕಾಲವದು. ಅದ್ಭುತವೆನಿಸುವುದೆಲ್ಲ ಮಾಟವಲ್ಲ, ಎಷ್ಟೋ ಕೇವಲ ಕೈಚಳಕ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಪುಟಗಳ ಅಂಚನ್ನು ಹೆಚ್ಚುಕಡಿಮೆ ಕತ್ತರಿಸಿ, ಬೆರಳಿಟ್ಟ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಹಾಳೆ ತೆರೆದುಕೊಳ್ಳುವಂತೆ ಮಾಡುವುದೇ ಆ ತಂತ್ರ. ಸ್ವೆಂಗಾಲಿ ಕಟ್ಟಿನ ತತ್ತ್ವವೂ ಇದೇ.

ಹಾಗಾದರೆ ಮೊದಲಿಗರು ಯಾರು ಎಂಬುದಕ್ಕಿಂತ, ಈ ಆಟ ಯಾವುದರ ಮೇಲೆ ನಿಂತಿದೆ ಎಂದು ಕೇಳುವುದು ಲೇಸು. ಅದು ನಿಂತಿರುವುದು ಒಂದರಂತೆ ಒಂದಿರುವ ಹಾಳೆಯ ಮೇಲೆ. ಇಲ್ಲಿ ಗುಜರಾತಿನ ಕಥೆ ಸೇರಿಕೊಳ್ಳುತ್ತದೆ. 1618ರಲ್ಲಿ ಅಹಮದಾಬಾದಿನಲ್ಲಿದ್ದ ಜಹಾಂಗೀರನು ಧೂಳಿಗೆ ಬೇಸತ್ತು ಅದನ್ನು ‘ಗರ್ದಾಬಾದ್’ ಎಂದು ಕರೆದ. ಅದೇ ಊರಿನ ಕಾಗದವೋ ಬಿಳುಪಿಗೆ ಹೆಸರಾಗಿತ್ತು. ಹದಿನೆಂಟನೆಯ ಶತಮಾನದ ‘ಮಿರಾತ್-ಇ-ಅಹಮದಿ’ ದೌಲತಾಬಾದ್, ಕಾಶ್ಮೀರಗಳ ಕಾಗದಕ್ಕಿಂತ ಇಲ್ಲಿಯದು ಬಿಳಿಯೆಂದು ಹೊಗಳಿ, ಮರಳ ಕಣಗಳಿಂದ ಅದರಲ್ಲಿ ಸಣ್ಣ ತೂತುಗಳು ಉಳಿಯುತ್ತವೆಂಬ ದೋಷವನ್ನೂ ಹೇಳುತ್ತದೆ. ಬಾದಶಹನಿಗೆ ಬೇಸರ ತರಿಸಿದ ಧೂಳು ಹಾಳೆಯನ್ನೂ ಬಿಟ್ಟಿರಲಿಲ್ಲ.

ಪುಸ್ತಕದ ಜಾದೂ ಇಸ್ಪೀಟಿಗೆ ದಾಟಲು ಇನ್ನೊಂದು ಬದಲಾವಣೆ ಬೇಕಿತ್ತು. ನಮ್ಮ ನಾಡಿನ ಎಲೆಯಾಟ ಗಂಜೀಫಾ. ಮೊಗಲ್ ಕಟ್ಟಿಗೆ 96 ಎಲೆ, ದಶಾವತಾರದ ಕಟ್ಟಿಗೆ 120. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯಲ್ಲಿ ವಿವರಿಸಿದ ಛದಗಳಲ್ಲಿ ಚಾಮುಂಡೇಶ್ವರಿ ಛದಕ್ಕೆ 320 ಎಲೆಗಳು. ಪ್ರತಿ ಎಲೆಯೂ ಚಿತ್ರಕಾರನ ಕುಂಚದ ಕೆಲಸ. ಹಾಗೆ ಬರೆದ ರಾಣಿಗೆ ತದ್ರೂಪಿ ಇರುವುದಿಲ್ಲ; ತದ್ರೂಪಿಯಿಲ್ಲದ ಎಲೆಯನ್ನು ಗುಟ್ಟಾಗಿ ಅದಲುಬದಲು ಮಾಡುವುದು ಕಷ್ಟ. ಅಚ್ಚಿನ ಇಸ್ಪೀಟು ಬಂದ ಮೇಲೆ ಒಂದೇ ರಾಣಿ ಸಾವಿರ ಮನೆಗಳಲ್ಲಿ ಇರತೊಡಗಿದಳು. ಚಿತ್ರಗಳಿಗೂ ಇದೇ ಪಲ್ಲಟ ಒದಗಿತು. ವಡೋದರದ ಅರಮನೆಗಾಗಿ ಕುಂಚ ಹಿಡಿದ ರವಿವರ್ಮ, 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು ತನ್ನ ದೇವತೆಗಳನ್ನು ಮನೆಮನೆಗೆ ಕಳಿಸಿದ. ಚಿತ್ರಗಳನ್ನು ಹೀಗೆ ಅಚ್ಚು ಹಾಕಿಸಲು ಅವನಿಗೆ ಸೂಚಿಸಿದವರು ಬರೋಡಾದ ದಿವಾನರಾಗಿದ್ದ ಟಿ. ಮಾಧವರಾಯರು.

ಸೂರತ್ತಿನಂಥ ಬಂದರಿಗೆ 1608ರಲ್ಲಿ ‘ಹೆಕ್ಟರ್’ ಎಂಬ ಇಂಗ್ಲಿಷ್ ಹಡಗು ಬಂದಾಗ, ಬಣ್ಣ ಬದಲಿಸುವ ಪುಸ್ತಕದ ಗುಟ್ಟು ಇಂಗ್ಲೆಂಡಿನಲ್ಲಿ ಅಚ್ಚಾಗಿ ಕಾಲು ಶತಮಾನವೇ ಕಳೆದಿತ್ತು. ಕಡಲಾಚೆಯ ಸಂತೆಗಳಲ್ಲೂ ಈಚೆಯ ಬೀದಿಗಳಲ್ಲೂ ಜನರ ಕಣ್ಣನ್ನು ನಂಬಿಯೇ ಬದುಕುವವರು ಇದ್ದರು. ಇಂಥ ವಿದ್ಯೆಗೆ ಒಂದು ನಾಡಿನ ಮುದ್ರೆ ಒತ್ತುವುದು ವ್ಯರ್ಥ.

ಹೆಮ್ಮೆಯ ಬದಲು ಋಣವನ್ನಾದರೂ ನೆನೆಯಬಹುದು. ಅಮರೇಲಿ ಜಿಲ್ಲೆಯ ಬಗಸರಾದಲ್ಲಿ 1924ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡ ಜಾದೂಗಾರ ಕೆ. ಲಾಲ್ ಅವರ ಹೆಸರು ಗುಜರಾತಿನ ಮನೆಮಾತು. ಬಾದಶಹನ ಕೈಗೆ ಪುಸ್ತಕವಿತ್ತ ಬಂಗಾಳದವರ ಹೆಸರುಗಳು ನಮ್ಮ ಸ್ಮರಣೆಯಲ್ಲಿಲ್ಲ. ಬಿಳಿ ಹಾಳೆ ತಯಾರಿಸಿದ ಕಾಗದಿಗಳದು ಕೇವಲ ಕುಲನಾಮವಾಗಿ ಉಳಿದಿದೆ. ಇಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರು ಮುಂದೊಮ್ಮೆ ಆಟೀನ್ ರಾಣಿಯ ಆಟ ನೋಡಿದಾಗ ಕೈಯನ್ನಷ್ಟೇ ಅಲ್ಲ, ಆ ಎಲೆಯ ಅಂಚನ್ನೂ ಗಮನಿಸಿದರೆ ಅವರಿಗೂ ಗೌರವ ಸಂದಂತಾಗುತ್ತದೆ.